ಜೇನಿನಲ್ಲಿ ಪ್ರೋಲಿನ್ ಎಷ್ಟಿದೆ? ಅಳೆಯುವುದು ಹೀಗೆ

ಹೂಮಳೆ ಬಿದ್ದು ಕಾಫಿ ಅರಳಿತೆಂದರೆ ಕೊಡಗಿನ ತುಡುವೆ ಜೇನುಗಳಿಗೆ ಬಿಡುವೇ ಇಲ್ಲ. ಮಡಿಕೇರಿ ರಸ್ತೆಬದಿಯ ಅಂಗಡಿಗಳಲ್ಲಿ ಮಾತ್ರ ವರ್ಷವಿಡೀ 'ಶುದ್ಧ ಜೇನು'. ಶುದ್ಧವೋ ಅಲ್ವೋ ಅಂತ ಬೆಂಕಿಕಡ್ಡಿ ಗೀರಿ ನೋಡುವುದು, ನೀರಿಗೆ ಹನಿ ಬಿಡುವುದು ಎಲ್ಲ ಸುಮ್ನೆ. ಲ್ಯಾಬಿನವರು ನೋಡುವ ಗುರುತುಗಳಲ್ಲಿ ಒಂದು ಪ್ರೋಲಿನ್ ಎಂಬ ಅಮೈನೊ ಆಮ್ಲ. ಇದು ಹೆಚ್ಚಾಗಿ ಬರುವುದು ಹೂವಿನಿಂದಲ್ಲ, ಮಕರಂದವನ್ನು ಮಾಗಿಸುವ ಜೇನುಹುಳದಿಂದಲೇ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಕಿಲೋ ಜೇನಿನಲ್ಲಿ ಕನಿಷ್ಠ 180 ಮಿಲಿಗ್ರಾಂ ಇರಬೇಕು.

ಸಾಮಾನ್ಯವಾಗಿ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಾಕಿ ಬಣ್ಣ ಬರಿಸಿ ಅಳೆಯುತ್ತಾರೆ. ಬಣ್ಣವೇ ಬೇಡದ ದಾರಿ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್, ಅಂದರೆ ಕ್ಯಾಪಿಲರಿ ಎಂಬ ಸಪೂರ ಕೊಳವೆಯಲ್ಲಿ ದ್ರಾವಣ ತುಂಬಿ, ವಿದ್ಯುತ್ ಕೊಟ್ಟು, ವಿದ್ಯುದಂಶವಿರುವ ಕಣಗಳನ್ನು ಓಡಿಸಿ ಬೇರ್ಪಡಿಸುವುದು. ಮನೆಯಲ್ಲಿ ಆಗುವ ಕೆಲಸವಲ್ಲ, ಯಂತ್ರವಿರುವ ಲ್ಯಾಬ್ ಬೇಕು.

ಮೊದಲು ಕ್ಯಾಪಿಲರಿಗೆ ತುಂಬುವ ದ್ರಾವಣ. 13.2 ಮಿಲಿಲೀಟರ್ ಗಾಢ ಅಸಿಟಿಕ್ ಆಮ್ಲವನ್ನು ನೀರಿಗೆ ಸೇರಿಸಿ 100 ಮಿಲಿಲೀಟರ್ ಮಾಡಿ. ಪಿಎಚ್ 2ರ ಆಸುಪಾಸಿಗೆ ಬರುತ್ತದೆ. ಇಷ್ಟು ಹುಳಿಯಲ್ಲಿ ಎಲ್ಲ ಅಮೈನೊ ಆಮ್ಲಗಳೂ ಸ್ವಲ್ಪವಾದರೂ ಧನ ವಿದ್ಯುದಂಶ ಪಡೆಯುತ್ತವೆ.

ಆಮೇಲೆ 1 ಗ್ರಾಂ ಜೇನು ತೂಗಿ, ನೀರಿನಲ್ಲಿ ಕರಗಿಸಿ ಸರಿಯಾಗಿ 10 ಮಿಲಿಲೀಟರ್ ಮಾಡಿ, ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ. ಕ್ಯಾಪಿಲರಿಯ ಒಳಗಾತ್ರ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಸೋಸದಿದ್ದರೆ ಪರಾಗದ ಕಣ ಸಿಕ್ಕಿಕೊಂಡು ದಿನವಿಡೀ ಹಾಳು. ಕ್ಯಾಪಿಲರಿಯನ್ನು ಸೋಡಿಯಂ ಹೈಡ್ರಾಕ್ಸೈಡ್, ನೀರು, ಕೊನೆಗೆ ಅದೇ ಆಮ್ಲದ ದ್ರಾವಣದಿಂದ ತೊಳೆಯಿರಿ. ಮಾದರಿಯನ್ನು ಕೆಲವು ಸೆಕೆಂಡು ಒತ್ತಡದಿಂದ ಒಳಕ್ಕೆ ತಳ್ಳಿ 25 ಕಿಲೋವೋಲ್ಟ್ ಕೊಡಿ. ಮುಚ್ಚಳ ಹಾಕದೆ ಕೊಡಬಾರದು.

ಇಲ್ಲಿದೆ ಮಜಾ. ಜೇನಿನ ತುಂಬ ಸಕ್ಕರೆಯೇ, ಆದರೆ ಅದಕ್ಕೆ ವಿದ್ಯುದಂಶ ಇಲ್ಲ, ಹಿಂದೆಯೇ ಉಳಿಯುತ್ತದೆ. ಪೊಟ್ಯಾಸಿಯಂ ಎಲ್ಲರಿಗಿಂತ ಮೊದಲು ಓಡುತ್ತದೆ. ಲೈಸಿನ್, ಅರ್ಜಿನಿನ್, ಹಿಸ್ಟಿಡಿನ್ ಅದರ ಬೆನ್ನಿಗೆ, ಆಮೇಲೆ ಗ್ಲೈಸಿನ್, ಅಲನಿನ್. ಪ್ರೋಲಿನ್‌ಗೆ ಈ ಹುಳಿಯಲ್ಲೂ ಧನಾಂಶ ಕಮ್ಮಿ, ಹಾಗಾಗಿ ತಡವಾಗಿ ಬರುತ್ತದೆ.

ಇವು ಹಾದುಹೋಗುವುದನ್ನು ಗುರುತಿಸುವ ಡಿಟೆಕ್ಟರ್ ಕ್ಯಾಪಿಲರಿಯ ಹೊರಗೇ ಇರುತ್ತದೆ: ಎರಡು ಪುಟ್ಟ ಲೋಹದ ಕೊಳವೆಗಳು, ದ್ರವವನ್ನು ಮುಟ್ಟುವುದೇ ಇಲ್ಲ. ಒಂದಕ್ಕೆ ಹೆಚ್ಚು ಆವರ್ತನದ ಪರ್ಯಾಯ ವೋಲ್ಟೇಜ್ ಕೊಟ್ಟು ಇನ್ನೊಂದರಲ್ಲಿ ಬರುವ ಕರೆಂಟನ್ನು ನೋಡುತ್ತದೆ. ಅಮೈನೊ ಆಮ್ಲ ಹಾದುಹೋದಾಗ ದ್ರಾವಣದ ವಾಹಕತೆ ಬದಲಾಗಿ ಪರದೆಯಲ್ಲಿ ಶಿಖರ ಮೂಡುತ್ತದೆ. ಯಾವುದು ಪ್ರೋಲಿನ್ ಎಂಬ ಅನುಮಾನವಿದ್ದರೆ ಮಾದರಿಗೆ ಶುದ್ಧ ಪ್ರೋಲಿನ್ ಸ್ವಲ್ಪ ಸೇರಿಸಿ ಮತ್ತೆ ಓಡಿಸಿ. ಬೆಳೆದ ಶಿಖರವೇ ಅದು.

ಲೆಕ್ಕಕ್ಕೆ 50, 100, 200, 400 ಮೈಕ್ರೋಮೋಲಾರ್ (ಲೀಟರಿಗೆ ಇಷ್ಟು ಮೈಕ್ರೋಮೋಲ್) ಪ್ರೋಲಿನ್ ದ್ರಾವಣಗಳನ್ನು ಓಡಿಸಿ, ಪ್ರಮಾಣಕ್ಕೂ ಶಿಖರದ ವಿಸ್ತೀರ್ಣಕ್ಕೂ ಗ್ರಾಫಿನಲ್ಲಿ ಗೆರೆ ಎಳೆಯಿರಿ; ಜೇನಿನ ಶಿಖರವನ್ನು ಆ ಗೆರೆಗೆ ಹೋಲಿಸಿ ಪ್ರಮಾಣ ತಿಳಿಯಿರಿ. 180 ಮಿಲಿಗ್ರಾಂ ಮಟ್ಟದ ಜೇನು ನಮ್ಮ 10 ಮಿಲಿಲೀಟರ್‌ನಲ್ಲಿ ಲೀಟರಿಗೆ 18 ಮಿಲಿಗ್ರಾಂ, ಅಂದರೆ ಸುಮಾರು 156 ಮೈಕ್ರೋಮೋಲಾರ್ ತೋರಿಸಬೇಕು.

ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಕಳ್ಳ ಜೇನು ಅನ್ನಬೇಡಿ. ಹುಳಗಳು ಮೇಣ ಮುಚ್ಚುವ ಮೊದಲೇ ತೆಗೆದ ಎಳೆ ಜೇನಿನಲ್ಲೂ ಪ್ರೋಲಿನ್ ಕಡಿಮೆಯೇ. ಪ್ರೋಲಿನ್ ಶಿಖರ ಮಾತ್ರ ಎತ್ತರವಿದ್ದು, ಉಳಿದ ಅಮೈನೊ ಆಮ್ಲಗಳ ಶಿಖರಗಳು ಕಾಣದಿದ್ದರೆ ಮಾತ್ರ ಜಾಸ್ತಿ ಅನುಮಾನ ಪಡಿ. ಪ್ರೋಲಿನ್ ಪುಡಿ ಅಂಗಡಿಯಲ್ಲೂ ಸಿಗುತ್ತದೆ, ಅದನ್ನೇ ಬೆರೆಸಿರಬಹುದು.