ಗ್ರೀನಿಂಗ್ ಬ್ಯಾಕ್ಟೀರಿಯಾದ ವಂಶ ವಿಂಗಡಣೆ: ಏಳು ಬೇಸ್‌ಗಳ ಪುನರಾವರ್ತನೆ ಕೈಹಿಡಿಯಿತು

ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದ ಬ್ಯಾಕ್ಟೀರಿಯಾದ ವಂಶ (ಒಂದೇ ಜಾತಿಯೊಳಗಿನ ತಳಿ) ವಿಂಗಡಿಸುವುದು ಆಗದ ಕೆಲಸ ಎಂದವರೇ ಹೆಚ್ಚು. ಆಗುತ್ತದೆ. ನಿಂಬೆ ಜಾತಿಯ ಗ್ರೀನಿಂಗ್ ರೋಗ ತರುವ ಬ್ಯಾಕ್ಟೀರಿಯಾ ಲಿಬೆರಿಬ್ಯಾಕ್ಟರ್ ಏಷಿಯಾಟಿಕಸ್ ಮೇಲೆ, ಎಲೆಯಿಂದಲೂ ರೋಗ ಹರಡುವ ಸಿಲ್ಲಿಡ್ ಕೀಟದಿಂದಲೂ ನೇರವಾಗಿ ತೆಗೆದ ಡಿಎನ್‌ಎ ಹಿಡಿದೇ ಮಾಡಿ ಮುಗಿಸಿದ್ದೇವೆ.

ಮೊದಲು ದುಡ್ಡು ಹೋದದ್ದು 16ಎಸ್ ಸೀಕ್ವೆನ್ಸಿಂಗ್‌ಗೆ (ಬ್ಯಾಕ್ಟೀರಿಯಾದ ಜಾತಿ ಗುರುತಿಸುವ ಒಂದು ಜೀನ್ ಓದುವುದು). ಎಲ್ಲ ಮರಗಳಿಂದಲೂ ಒಂದೇ ಸಾಲು ಬಂತು. ರೋಗ ಉಂಟೋ ಇಲ್ಲವೋ ತಿಳಿಯಲು ಅದು ಸಾಕು, ವಂಶಕ್ಕೆ ಸಾಲದು. ಇಡೀ ಜೀನೋಮ್‌ಗೆ ಕೈಹಾಕಿದ್ದು ಇನ್ನೂ ದುಬಾರಿಯಾಯಿತು. ಸುಮಾರು 12.3 ಲಕ್ಷ ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಪುಟ್ಟ ಜೀನೋಮ್; ಆದರೆ ಎಲೆಯಿಂದ ಬಂದ ರೀಡ್‌ಗಳಲ್ಲಿ (ಓದಿದ ಡಿಎನ್‌ಎ ತುಣುಕುಗಳಲ್ಲಿ) ನೂರಕ್ಕೆ ಒಂದೂ ಅದರದ್ದಲ್ಲ, ಉಳಿದದ್ದೆಲ್ಲ ಮರದ್ದು. 2009ರ ಮೊದಲ ಪೂರ್ಣ ಜೀನೋಮ್ ಒಂದೇ ಸಿಲ್ಲಿಡ್‌ನಿಂದ ಬಂದದ್ದು ಸುಮ್ಮನೆ ಅಲ್ಲ. ಆದರೂ ಕೀಟದೊಳಗಿನ ವೋಲ್ಬಾಕಿಯಾ, ಕಾರ್ಸೊನೆಲ್ಲಾ, ಪ್ರಾಫ್ಟೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾಗಳೂ ಪಾಲು ಕೇಳುತ್ತವೆ.

ಕೊನೆಗೆ ಗಟ್ಟಿಯಾದದ್ದು ಸಣ್ಣ ಪುನರಾವರ್ತನೆಗಳು. ಎಜಿಎಸಿಎಸಿಎ ಎಂಬ ಏಳು ಬೇಸ್‌ಗಳ ತುಂಡು ಎಷ್ಟು ಸಲ ಬಂದಿದೆ ಎನ್ನುವುದೇ ಗುರುತು. ಇದನ್ನು ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಮಾಮೂಲಿ ಅಗರೋಸ್ ಜೆಲ್‌ನಲ್ಲಿ ನೋಡಹೋಗಬೇಡಿ. ಏಳು ಬೇಸ್‌ಗಳ ವ್ಯತ್ಯಾಸವನ್ನು ಅದು ನುಂಗಿಹಾಕುತ್ತದೆ. ತುಂಡಿನ ಉದ್ದವನ್ನು ನಿಖರವಾಗಿ ಅಳೆದು ಶಿಖರಗಳಾಗಿ ತೋರಿಸುವ ಕ್ಯಾಪಿಲರಿ ಯಂತ್ರವೇ ಬೇಕು. ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಶುರುಮಾಡುವ ಚಿಕ್ಕ ಡಿಎನ್‌ಎ ತುಂಡಾದ ಪ್ರತಿ ಪ್ರೈಮರ್‌ಗೂ ಬಣ್ಣ ಹಚ್ಚಿಸಿದರೆ ಖರ್ಚು ತಡೆಯಲಾಗದು. ಫಾರ್ವರ್ಡ್ ಪ್ರೈಮರ್‌ಗೆ ಎಂ13 ಎಂಬ ಸಾಮಾನ್ಯ ಸಾಲಿನ ಬಾಲ ಜೋಡಿಸಿ, ಬಣ್ಣದ ಎಂ13 ಪ್ರೈಮರ್ ಒಂದನ್ನೇ ಎಲ್ಲ ಲೋಕಸ್‌ಗಳಿಗೂ (ಜೀನೋಮ್‌ನಲ್ಲಿ ಪುನರಾವರ್ತನೆ ಇರುವ ಜಾಗಗಳಿಗೂ) ಬಳಸಿದೆವು. ಬಣ್ಣದ ಖರ್ಚು ಕಾಲು ಭಾಗಕ್ಕೆ ಇಳಿಯಿತು.

ಮಾದರಿಯಲ್ಲೇ ಅರ್ಧ ಗೆಲುವು. ನಡುನರದ ಎರಡು ಬದಿಗೂ ಹೊಂದಿಕೆಯಿಲ್ಲದ ಹಳದಿ ಮಚ್ಚೆಯ ಬಲಿತ ಎಲೆಯನ್ನೇ ಆರಿಸಿ. ಎರಡೂ ಬದಿ ಒಂದೇ ರೀತಿ ಹಳದಿಯಾಗಿದ್ದರೆ ಬಹುಪಾಲು ಸತುವಿನ ಕೊರತೆ. ನಡುನರ, ತೊಟ್ಟು ಸೇರಿ 150 ಮಿಲಿಗ್ರಾಂ, ಡಿಎನ್‌ಎ ಹೊರತೆಗೆಯಲು ಪಿವಿಪಿ (ಎಲೆಯ ಫೀನಾಲ್ ಹಿಡಿಯುವ ಪುಡಿ) ಹಾಕಿದ ಸಿಟಿಎಬಿ ದ್ರಾವಣ, ಆಮೇಲೆ ಕ್ಲೋರೋಫಾರ್ಮ್ ಎರಡು ಸಲ. ಬ್ಯಾಕ್ಟೀರಿಯಾದ ಡಿಎನ್‌ಎ ಪ್ರಮಾಣ ಅಳೆಯುವ ಕ್ಯುಪಿಸಿಆರ್‌ನಲ್ಲಿ ಸಿಟಿ (ಕಡಿಮೆಯಾದಷ್ಟೂ ಡಿಎನ್‌ಎ ಹೆಚ್ಚು) 28ರ ಒಳಗಿದ್ದರೆ ಮಾತ್ರ ಮುಂದುವರಿಸಿ. 30 ದಾಟಿದವನ್ನು ಆಸೆಯಿಂದ ಓಡಿಸಿ ಎರಡು ಪಿಸಿಆರ್ ತಟ್ಟೆ ಕಳೆದುಕೊಂಡೆವು: ಆರಂಭದ ಪ್ರತಿಗಳು ಕಡಿಮೆಯಿದ್ದಾಗ ಪಾಲಿಮರೇಸ್ (ಡಿಎನ್‌ಎ ನಕಲಿಸುವ ಕಿಣ್ವ) ಪುನರಾವರ್ತನೆಯಲ್ಲಿ ಜಾರಿದ ತಪ್ಪೇ ದೊಡ್ಡದಾಗಿ, ಇಲ್ಲದ ಆಲೀಲ್ (ಒಂದು ಲೋಕಸ್‌ನ ರೂಪ) ಹುಟ್ಟುತ್ತದೆ. ಪಿಸಿಆರ್ ಸೈಕಲ್‌ಗಳನ್ನೂ 30ರ ಆಸುಪಾಸಿಗೆ ಇಳಿಸಿ, ಕೊನೆಗೆ 60 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ. ಒಂದು ಬೇಸ್ ಅಂತರದ ಜೋಡಿ ಶಿಖರ ಹೋಗುತ್ತದೆ. ಯಾವ ಲೋಕಸ್‌ಗಳನ್ನು ಒಂದೇ ಕೊಳವೆಯಲ್ಲಿ ಕೂಡಿಸಿದೆವು ಎಂಬುದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ.

ಎರಡು ಶಿಖರ ಕಂಡರೆ ಹೆಟೆರೋಜೈಗಸ್ (ಒಂದೇ ಲೋಕಸ್‌ನಲ್ಲಿ ಎರಡು ಬೇರೆ ಆಲೀಲ್ ಇರುವ ಜೀವಿ) ಎಂದು ಬರೆಯುವವರಿದ್ದಾರೆ. ಬ್ಯಾಕ್ಟೀರಿಯಾಕ್ಕೆ ಜೋಡಿ ವರ್ಣತಂತುಗಳಿಲ್ಲ, ಆ ಮಾತೇ ಸಲ್ಲದು. ಅದು ಮಿಶ್ರ ಸೋಂಕು, ಇಲ್ಲವೇ ಪಾಲಿಮರೇಸ್ ಜಾರಿದ ಗುರುತು. ಹೊಸ ಡಿಎನ್‌ಎಯಿಂದ ಮೂರು ಸಲ ಪಿಸಿಆರ್ ಮಾಡಿ, ಚಿಕ್ಕ ಶಿಖರ ಪ್ರತಿ ಸಲವೂ ದೊಡ್ಡದರ ಮೂರನೇ ಒಂದಕ್ಕಿಂತ ಎತ್ತರವಿದ್ದರೆ ಮಾತ್ರ ಮಿಶ್ರಣವೆಂದು ಬರೆದುಕೊಂಡೆವು. ಒಂದೇ ಕೊಂಬೆಯ ಎಲೆ ನಂಬಿದರೆ ಮಿಶ್ರಣ ತಪ್ಪಿಹೋಗುತ್ತದೆ, ಏಕೆಂದರೆ ಮರದ ಆಹಾರ ಸಾಗಿಸುವ ಫ್ಲೋಯೆಮ್‌ನಲ್ಲಿ ಬ್ಯಾಕ್ಟೀರಿಯಾ ಸಮನಾಗಿ ಹರಡಿರುವುದಿಲ್ಲ. ನಾಲ್ಕೂ ದಿಕ್ಕಿನಿಂದ ಬೇರೆ ಬೇರೆ ತೆಗೆಯಿರಿ, ಒಟ್ಟು ಮಾಡಬೇಡಿ. ಸಿಲ್ಲಿಡ್‌ಗಳನ್ನೂ ಒಂದೊಂದಾಗಿಯೇ.

ಪಕ್ಕದ ಪ್ರಯೋಗವಾಗಿ ಬ್ಯಾಕ್ಟೀರಿಯಾವನ್ನು ಆಕಾಶಬಳ್ಳಿಯ (ಪರಾವಲಂಬಿ ಬಳ್ಳಿ) ಮೂಲಕ ನಿತ್ಯಪುಷ್ಪಕ್ಕೆ ದಾಟಿಸಿ ನೋಡಿದೆವು. ಬೆಳೆದ ನಾಲ್ಕೈದು ಗಿಡಗಳಲ್ಲಿ ಮೂಲ ಮರದ ಎರಡು ವಂಶಗಳಲ್ಲಿ ಒಂದೇ ಉಳಿದಿತ್ತು. ಹಾಗಾಗಿ ಹಾಗೆ ಕಾಪಿಟ್ಟ ಗಿಡವನ್ನು ಮರದ ಪ್ರತಿನಿಧಿ ಎಂದು ಎಣಿಸುವುದನ್ನು ಬಿಟ್ಟೆವು.

ವಿಶ್ಲೇಷಣೆಗೆ ಗುಂಪುಗಳನ್ನು ವಿಂಗಡಿಸುವ ಸ್ಟ್ರಕ್ಚರ್ ಸಾಫ್ಟ್‌ವೇರ್ ಬೇಡ. ಲೋಕಸ್‌ಗಳು ಪರಸ್ಪರ ಸ್ವತಂತ್ರ ಎಂದು ಅದು ಊಹಿಸುತ್ತದೆ, ಕ್ಲೋನ್ ಆಗಿ ಬೆಳೆಯುವ ಜೀವಿಗೆ ಅದು ಹೊಂದದು. ಒಂದೇ ತಾಯಿಮರದಿಂದ ಕಸಿ ಮಾಡಿದ ಗಿಡಗಳ ಒಂದೇ ಹ್ಯಾಪ್ಲೋಟೈಪ್ (ಎಲ್ಲ ಲೋಕಸ್‌ಗಳ ಆಲೀಲ್‌ಗಳ ಒಟ್ಟು ಜೋಡಣೆ) ಅನ್ನು ಒಂದು ಸಲ ಮಾತ್ರ ಎಣಿಸಿ, ಆಮೇಲೆ ಒಟ್ಟು ವ್ಯತ್ಯಾಸ ಕನಿಷ್ಠವಾಗುವಂತೆ ಜೋಡಿಸುವ ಮಿನಿಮಮ್ ಸ್ಪ್ಯಾನಿಂಗ್ ಜಾಲ ಎಳೆಯಿರಿ. ಹೀಗೆ ಎಣಿಸುವ ಮೊದಲು ಕೀಟ ಹರಡಿದಂತೆ ಕಂಡಿದ್ದ ದೊಡ್ಡ ಗುಂಪು, ಎಣಿಸಿದ ಮೇಲೆ ಕಸಿಕಡ್ಡಿಯೊಂದಿಗೆ ಬಂದದ್ದು ಎಂದು ತಿಳಿಯಿತು.