ಹತ್ತು ಸಾವಿರದೊಳಗೆ ನಾನೇ ಮಾಡಿಕೊಂಡ ಸಬ್‌ವೂಫರ್

ವೂಫರ್, ಅಂದರೆ ತಗ್ಗಿನ ಸದ್ದು ಹೊರಡಿಸುವ ದೊಡ್ಡ ಸ್ಪೀಕರ್, ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ವಾಟ್ ಲೆಕ್ಕ. "ಸರ್, ಮುನ್ನೂರು ವಾಟ್, ಕಣ್ಮುಚ್ಚಿ ತಗೊಳ್ಳಿ." ನಾನು ಕೇಳುತ್ತಿದ್ದದ್ದು ಬೇರೆ: ಇದರ ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಹರ್ಟ್ಸ್), ಕ್ಯೂಟಿಎಸ್ (ಆ ಕಂಪನ ಎಷ್ಟು ಹತೋಟಿಯಲ್ಲಿದೆ ಅನ್ನುವ ಅಂಕಿ), ವಿಎಎಸ್ (ಕೋನಿನಷ್ಟೇ ಮೆತುವಾಗಿ ಒತ್ತಿಸಿಕೊಳ್ಳುವ ಗಾಳಿ ಎಷ್ಟು ಲೀಟರ್) ಎಷ್ಟು? ಬಹಳ ಕಡೆ ಉತ್ತರ ಸಿಗಲಿಲ್ಲ. ಈ ಮೂರು ಅಂಕಿ ಇಲ್ಲದ ವೂಫರ್ ಎಷ್ಟೇ ಅಗ್ಗವಾಗಿದ್ದರೂ ಬೇಡ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ವೂಫರ್ ಕೂರಿಸುವ ಡಬ್ಬದ ಅಳತೆ ಪೂರ್ತಿ ನಿಂತಿರುವುದೇ ಅವುಗಳ ಮೇಲೆ.

ಕೊನೆಗೆ ಡೇಟಾ ಶೀಟ್ ಇದ್ದ 10 ಇಂಚಿನ, 4 ಓಮ್‌ನ ವೂಫರ್ ಸಿಕ್ಕಿತು. ಅರ್ಧ ದುಡ್ಡು ಅದಕ್ಕೇ ಹೋಯಿತು, ಹೋಗಲಿ. ಎಫ್‌ಎಸ್ 32 ಹರ್ಟ್ಸ್, ಕ್ಯೂಟಿಎಸ್ 0.45, ವಿಎಎಸ್ 50 ಲೀಟರ್.

ಪೈಪ್ ಇಟ್ಟ ಡಬ್ಬವೋ, ಪೂರ್ತಿ ಮುಚ್ಚಿದ್ದೋ? ಪೈಪ್ ಇಟ್ಟರೆ ಇನ್ನೂ ತಗ್ಗಿನ ಸ್ವರಗಳೂ ಕೇಳುತ್ತವೆ, ನಿಜ. ಆದರೆ ಡಬ್ಬ ದೊಡ್ಡದಾಗುತ್ತದೆ, ಪೈಪಿನ ಉದ್ದ ತಪ್ಪಿದರೆ ಲೆಕ್ಕವೆಲ್ಲ ಕೆಡುತ್ತದೆ. ಮೊದಲ ಸಲಕ್ಕೆ ಮುಚ್ಚಿದ ಡಬ್ಬವೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅಳತೆ ಒಂದೆರಡು ಲೀಟರ್ ಆಚೀಚೆ ಆದರೂ ಕಿವಿಗೆ ಗೊತ್ತಾಗುವುದಿಲ್ಲ.

ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಸಾಕು. ವಿಎಎಸ್ ಅನ್ನು ಡಬ್ಬದ ಲೀಟರಿನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆಯಿರಿ. ಅದನ್ನು ಕ್ಯೂಟಿಎಸ್‌ಗೆ ಗುಣಿಸಿದಾಗ 0.7 ಆಸುಪಾಸು ಬಂದರೆ ಬೇಸ್, ಅಂದರೆ ತಗ್ಗಿನ ಸದ್ದು, ಬಿಗಿಯಾಗಿರುತ್ತದೆ. 1 ದಾಟಿದರೆ ಎಲ್ಲವೂ ಗುಂಯ್ ಅನ್ನುತ್ತದೆ. 35 ಲೀಟರಿಗೆ ನನಗೆ ಸರಿಯಾಗಿ 0.7 ಬಂತು. ಅದೇ ವರ್ಗಮೂಲವನ್ನು ಎಫ್‌ಎಸ್‌ಗೆ ಗುಣಿಸಿದರೆ 50 ಹರ್ಟ್ಸ್. ಅದಕ್ಕಿಂತ ಕೆಳಗೆ ಸದ್ದು ನಿಧಾನವಾಗಿ ಇಳಿಯುತ್ತದೆ, ಚಿಕ್ಕ ಕೋಣೆ ಅದನ್ನು ಸ್ವಲ್ಪ ಎತ್ತಿಕೊಡುತ್ತದೆ. ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲೂ ಹಾಕಿ ನೋಡಿದೆ, ಅಷ್ಟೇ ಬಂತು.

ಒಳಗೆ 33 ಸೆಂ.ಮೀ. ಉದ್ದ, ಅಗಲ, ಎತ್ತರ ಇಟ್ಟರೆ ಸುಮಾರು 36 ಲೀಟರ್. ವೂಫರಿನ ಹಿಂಭಾಗ ತಿನ್ನುವ ಜಾಗ ಕಳೆದರೆ ಸರಿಹೋಯಿತು. ಮೂರೂ ಕಡೆ ಒಂದೇ ಅಳತೆ ಇದ್ದರೆ ಒಳಗೆ ಸದ್ದು ಮೊಳಗುತ್ತದೆ ಅಂತಾರೆ. ಹೌದು, ಆದರೆ ಈ ಅಳತೆಗೆ ಅದು 520 ಹರ್ಟ್ಸ್ ಹತ್ತಿರ ಶುರುವಾಗುತ್ತದೆ. ನಮ್ಮ ಸಬ್‌ವೂಫರ್ ಕೆಲಸ 80 ಹರ್ಟ್ಸ್‌ಗೇ ಮುಗಿಯುತ್ತದಲ್ವಾ!

18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅರ್ಧ ಶೀಟ್ ಸಾಕು. ಪ್ಲೈವುಡ್ ಅಂಗಡಿಯ ಮಷಿನ್ನಿನಲ್ಲೇ ಕೊಯ್ಯಿಸಿ. ಕೈಗರಗಸದಲ್ಲಿ ಅಂಚು ನೇರ ಬರಲ್ಲ, ಅಂಚು ನೇರ ಇಲ್ಲದಿದ್ದರೆ ಗಾಳಿ ಸೋರುತ್ತದೆ. ವೂಫರ್ ಕೂರುವ ದುಂಡನೆಯ ತೂತನ್ನು ಬಡಗಿಯಿಂದ ಕೊರೆಸಿದೆ. ಎಂಡಿಎಫ್ ಅಂಚಿಗೆ ನೇರವಾಗಿ ಸ್ಕ್ರೂ ಹಾಕಿದರೆ ಪದರ ಬಿಟ್ಟುಕೊಳ್ಳುತ್ತದೆ, ಮೊದಲು ಸಣ್ಣ ತೂತು ಬೇಕೇ ಬೇಕು. ಫೆವಿಕಾಲ್ ಧಾರಾಳವಾಗಿ ಬಳಿದು, ರಾತ್ರಿಯಿಡೀ ಬಿಗಿದಿಟ್ಟೆ. ಸಂದಿಗಳಿಗೆ ಮರದ ಪುಡಿ ಕಲಸಿದ ಫೆವಿಕಾಲ್, ಅದರ ಮೇಲೆ ಒಳಗಡೆ ಸಿಲಿಕೋನ್ ಸೀಲೆಂಟ್. ವೂಫರಿನ ಅಂಚಿಗೆ ಬಾಗಿಲಿಗೆ ಅಂಟಿಸುವ ಫೋಮ್ ಟೇಪ್. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ, ಸಡಿಲವಾಗಿ.

ಗಾಳಿ ಸೋರುತ್ತಿದೆಯೇ ಅಂತ ನೋಡಲು ವೂಫರಿನ ಕೋನ್ ಅನ್ನು ಎರಡೂ ಕೈ ಬೆರಳುಗಳಿಂದ ಮೆಲ್ಲಗೆ ಒಳಗೆ ಒತ್ತಿ, ಕೆಲವು ಸೆಕೆಂಡ್ ಹಿಡಿದು ಬಿಡಿ. ಥಟ್ಟನೆ ವಾಪಸ್ ಬಂದರೆ ಎಲ್ಲೋ ಸಂದಿ ಇದೆ. ತಡೆದು, ಒಂದಿಷ್ಟು ಸಾವಕಾಶವಾಗಿ ಬಂದರೆ ಡಬ್ಬ ಗಟ್ಟಿ. ವೈರ್ ಪ್ಲಸ್ ಯಾವುದು ಅನ್ನೋದಕ್ಕೆ ಒಂದೂವರೆ ವೋಲ್ಟ್ ಪೆನ್ಸಿಲ್ ಸೆಲ್ ಸಾಕು: ಮುಟ್ಟಿಸಿದಾಗ ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್.

ಆಂಪ್ಲಿಫೈಯರ್‌ಗೆ ಟಿಪಿಎ3116 ಚಿಪ್ಪಿನ ಮೋನೊ ಬೋರ್ಡ್ ತಂದೆ, ತಗ್ಗಿನ ಸದ್ದನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್ ಅದರಲ್ಲೇ ಇತ್ತು. ಮೇಲೆ 100 ವಾಟ್ ಅಂತ ಬರೆದಿರುತ್ತದೆ. ಆ ಅಂಕಿ 2 ಓಮ್ ವೂಫರಿಗೆ. 24 ವೋಲ್ಟ್ ಕೊಟ್ಟು 4 ಓಮ್‌ಗೆ ಓಡಿಸಿದರೆ ಲೆಕ್ಕದಲ್ಲೇ 72 ವಾಟ್ ಮೀರಲ್ಲ, ಕೈಗೆ ಸಿಗೋದು ಇನ್ನೂ ಕಮ್ಮಿ. ನಮ್ಮ ಮನೆಯ ಹಾಲ್‌ಗೆ ಅದೇ ಜಾಸ್ತಿ. ಎಲ್‌ಇಡಿ ಸ್ಟ್ರಿಪ್‌ಗೆ ಬಳಸುವ 24 ವೋಲ್ಟ್, 5 ಆಂಪಿಯರ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಸಾಕಾಗುತ್ತದೆ. ಅದರ 230 ವೋಲ್ಟ್ ಸ್ಕ್ರೂಗಳು ತೆರೆದೇ ಇರುತ್ತವೆ, ಮಕ್ಕಳಿರುವ ಮನೆಯಲ್ಲಿ ಮುಚ್ಚದೆ ಬಿಡಲೇಬೇಡಿ. ಅರ್ಥ್ ವೈರ್ ಕೊಡಿ.

ಇಷ್ಟಾದ ಮೇಲೂ ಸದ್ದು ಚೆನ್ನಾಗಿಲ್ಲ ಅನ್ನಿಸಿದರೆ ತಪ್ಪು ಹೆಚ್ಚಾಗಿ ಕೋಣೆಯದು. ನಮ್ಮ ಹಾಲ್ 12 ಅಡಿ, ಗಟ್ಟಿ ಗೋಡೆ, ಟೈಲ್ಸ್ ನೆಲ. 47 ಹರ್ಟ್ಸ್ ಹತ್ತಿರ ಒಂದು ಕಡೆ ಗುಡುಗು, ಇನ್ನೊಂದು ಕಡೆ ಏನೂ ಇಲ್ಲ. ಅದಕ್ಕೆ ಡಬ್ಬವನ್ನು ಸೋಫಾದಲ್ಲಿ ನಾನು ಕೂರುವ ಜಾಗದಲ್ಲೇ ಇಟ್ಟು, ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿ, ಗೋಡೆ ಪಕ್ಕ ಅಂಬೆಗಾಲಲ್ಲಿ ಸುತ್ತಿದೆ; ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲೇ ಡಬ್ಬದ ಜಾಗ. ನಮ್ಮಮ್ಮ ಅಡುಗೆಮನೆಯಿಂದ ಇಣುಕಿ, "ಏನ್ ಕಳ್ಕೊಂಡ್ಯೋ?" ಅಂದರು. ಡೊಳ್ಳಿನ ಪೆಟ್ಟು ಪೆಟ್ಟಾಗಿಯೇ ಕೇಳಿದ್ದು ಟಿವಿ ಸ್ಟ್ಯಾಂಡಿನ ಎಡಕ್ಕೆ, ಮೂಲೆಯಿಂದ ಎರಡಡಿ ಈಚೆ. ಈಗ ಡಬ್ಬ ಅಲ್ಲೇ ಇದೆ, ಕೆಳಗಿನ ಮನೆಯವರಿಗೋಸ್ಕರ ನಾಲ್ಕು ರಬ್ಬರ್ ಬುಷ್ ಮೇಲೆ.