ತಾಮ್ರದ ಗುಂಡಿಗೆ ಸೀಸದ ಲೆಕ್ಕ ಬೇಡ

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸರಹಿತ ಗುಂಡುಗಳೇ ಕಡ್ಡಾಯವಾಗಿರುವುದರಿಂದ, ಅಲ್ಲಿ ಪರವಾನಗಿ ಪಡೆದು ಬೇಟೆಯಾಡುತ್ತ ತೋಟಾಗಳನ್ನು ತಾವೇ ತುಂಬಿಕೊಳ್ಳುವವರು ಒಂದು ವಿಷಯವನ್ನು ಗಮನಿಸಬೇಕು. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆಯಾದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿದ್ದು, ತೋಟಾದೊಳಕ್ಕೆ ಇನ್ನಷ್ಟು ಇಳಿದು, ಮದ್ದಿನ ಜಾಗವನ್ನು ಕಿರಿದುಗೊಳಿಸಿ ಒತ್ತಡವನ್ನು ಏರಿಸಬಲ್ಲದು. ಆದ್ದರಿಂದ ಹಳೆಯ ಸೀಸದ ಗುಂಡಿಗೆ ಬಳಸುತ್ತಿದ್ದ ಮದ್ದಿನ ಪ್ರಮಾಣವನ್ನು ಬಿಟ್ಟು, ಆಯಾ ಗುಂಡಿನ ತಯಾರಕರು ಪ್ರಕಟಿಸಿದ ಕೋಷ್ಟಕದ ಕನಿಷ್ಠ ಪ್ರಮಾಣದಿಂದಲೇ ಆರಂಭಿಸಬೇಕು. ರೈಫಲ್ ತೋಟಾವಾದ 308 ವಿಂಚೆಸ್ಟರ್‌ನಲ್ಲಿ 165 ಗ್ರೇನ್ (ಗುಂಡಿನ ತೂಕದ ಅಳತೆ) ಸೀಸದ ಗುಂಡು ಬಳಸುತ್ತಿದ್ದವರಿಗೆ 150 ಗ್ರೇನ್ ತಾಮ್ರದ ಗುಂಡು ಸಾಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಉದ್ದನೆಯ ಗುಂಡನ್ನು ಸ್ಥಿರವಾಗಿ ತಿರುಗಿಸಲು ನಳಿಗೆಯೊಳಗಿನ ಸುರುಳಿ ಗೀರು ಸಾಲದೆ ಹೋಗಬಹುದು, ಮೇಲಾಗಿ ಹಗುರ ಗುಂಡಿನ ಹೆಚ್ಚಿನ ವೇಗವು ಬೇಟೆಗೆ ತಾಗಿದಾಗ ತಾಮ್ರ ಅರಳುವುದಕ್ಕೆ ನೆರವಾಗುತ್ತದೆ. ಗುರಿಯನ್ನು ಹೊಸದಾಗಿ ಹೊಂದಿಸುವ ಮುನ್ನ ನಳಿಗೆಯಲ್ಲಿ ಅಂಟಿರುವ ಹಳೆಯ ಲೋಹವನ್ನು ಪೂರ್ತಿಯಾಗಿ ತೆಗೆಯಬೇಕು, ಅದು ಬೇಸರದ ಕೆಲಸವೇ ಸರಿ.